ಕಾಯಬಹುದಾದ ಕೆಲಸಗಳು

ಸಿಂಗಸಂದ್ರದಲ್ಲಿ ನಾನು, ಕುಂದಲಹಳ್ಳಿಯಲ್ಲಿ ಅಣ್ಣ. ಒಂದೇ ಊರಲ್ಲವೇ ಎನ್ನುತ್ತಿದ್ದರು ನೆಂಟರು. ಅವರೇನು ನಡುವಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ನಿಂತವರೇ? ಅಪ್ಪ ಅವ್ವ ತೀರಿಕೊಂಡು, ನನ್ನ ಮದುವೆಯೂ ಮುರಿದ ಮೇಲೆ, ಧಾರವಾಡದ ಕಡೆಯವಳಾದ ನನಗೆ ತವರೆಂದು ಉಳಿದದ್ದು ಅಣ್ಣನ ಫ್ಲಾಟು ಮಾತ್ರ. ನಮ್ಮಲ್ಲಿ ನಾಗರಪಂಚಮಿಗೆ ಅಣ್ಣನಾದವನು ಖುದ್ದಾಗಿ ಬಂದು ತಂಗಿಯನ್ನು ಕರೆದುಕೊಂಡು ಹೋಗಬೇಕು. ಕರೆಯಲು ಬರದಿದ್ದರೆ ತಂಗಿ ತಾನಾಗಿ ಹೊರಡುವುದಿಲ್ಲ.

ಆ ವರ್ಷ ಅಣ್ಣ ಫೋನಿನಲ್ಲಿ, "ಪಂಚಮಿ ದಿನ ಎಲೆಕ್ಟ್ರಾನಿಕ್ ಸಿಟಿ ಕಡೆ ಒಂದು ಮೀಟಿಂಗ್ ಆಗೂದೈತಿ. ಆ ಕಡೆ ಬಂದ್ರ ನಿನ್ನೂ ಕರ್ಕೊಂಡು ಹೋಗ್ತೀನಿ ತಂಗಿ" ಎಂದ. ನಾನು ಹಿಗ್ಗಿ ಹೀರೇಕಾಯಾಗಿ, ರಜೆ ಹಾಕಿ, ಶೇಂಗಾ ಉಂಡಿ ಕಟ್ಟಲು ಕೂತೆ.

ಆಗ ನಮ್ಮ ಆಫೀಸಿನಲ್ಲಿ ಬಸ್ ಕಂಡಕ್ಟರುಗಳ ಟಿಕೆಟ್ ಮಷೀನಿನ ಕೆಲಸ ನಡೆದಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಅದರ ಬ್ಯಾಟರಿ ಕುಸಿಯುತ್ತಿತ್ತು. ಹುಡುಕಿದರೆ, ಪಾಪ, ಒಳಗಿನ ಪ್ರೊಸೆಸರಿಗೆ ನಿದ್ದೆಯೇ ಇಲ್ಲ. ಮಷೀನಿನ ಒಂದೊಂದು ಭಾಗವನ್ನು ನಡೆಸುವ ಡ್ರೈವರ್ ಪ್ರೋಗ್ರಾಮೂ ತನ್ನದೇ ಒಂದು ಟೈಮರ್ ಇಟ್ಟುಕೊಂಡು, ಪೇಪರ್ ಇದೆಯೇ, ಪರದೆಯ ದೀಪ ಆರಿಸಬೇಕೇ ಎಂದು ಅದನ್ನು ಎಬ್ಬಿಸುತ್ತಲೇ ಇತ್ತು. ಹಸುಗೂಸು ಮಲಗಿದ ಮನೆಗೆ ಬಂದು ಬಂದು ಬಾಗಿಲು ಬಡಿಯುವ ನೆರೆಹೊರೆಯವರ ಹಾಗೆ. ಇವುಗಳಿಗೆ ಶಿಸ್ತು ಕಲಿಸುವುದು ನನ್ನ ಪಾಲಿಗೆ ಬಂತು.

ಇದಕ್ಕೆಂದೇ ಇನ್ನೊಂದು ಬಗೆಯ ಟೈಮರ್ ಇದೆ. ಹೊತ್ತಾದರೂ ಅದು ಪ್ರೊಸೆಸರನ್ನು ಎಬ್ಬಿಸುವುದಿಲ್ಲ. ಬೇರೆ ಯಾವುದೋ ಕೆಲಸಕ್ಕೆ ಎದ್ದಾಗ, ಹೇಗೂ ಎದ್ದಿದ್ದೀಯಲ್ಲ, ನನ್ನದೂ ಮುಗಿಸಿಬಿಡು ಎನ್ನುತ್ತದೆ. ಕಾಯಬಹುದಾದ ಕೆಲಸಗಳನ್ನೆಲ್ಲ ಆ ಬಗೆಗೆ ಬದಲಾಯಿಸುತ್ತ ಹೋದೆ. ಮಷೀನು ಸಂಜೆಯ ತನಕ ಬಾಳಿತು. ನಮ್ಮ ಟೀಮ್ ಲೀಡ್ ಕುರ್ಚಿಯಿಂದಲೇ, "ಸಕ್ಕತ್ ಕಣ್ರೀ! ಉಳಿದಿರೋವನ್ನೂ ಹಿಂಗೇ ಮಾಡ್ಬಿಡಿ" ಎಂದರು. ಮಾಡಿದೆವು.

ಪಂಚಮಿ ಹತ್ತಿರ ಬಂದಾಗ ಡಿಪೋದಿಂದ ಒಂದು ಮಷೀನು ಸತ್ತು ವಾಪಸು ಬಂತು. ಕಪಾಟಿನಲ್ಲಿಟ್ಟು ಯಾರೂ ಮುಟ್ಟಿರಲಿಲ್ಲವಂತೆ. ಬ್ಯಾಟರಿ ಇಳಿದಾಗ ಬೀಪ್ ಎಂದು ಕೂಗಿಸಬೇಕಾದ ಟೈಮರನ್ನೂ ನಾವು ಕಾಯುವವರ ಸಾಲಿಗೆ ಸೇರಿಸಿಬಿಟ್ಟಿದ್ದೆವು. ಬೇರೆ ಕೆಲಸ ಬರಲಿ ಎಂದು ಅದು ಕಾದಿತ್ತು. ಯಾವ ಕೆಲಸವೂ ಬರಲಿಲ್ಲ, ಬ್ಯಾಟರಿ ಪೂರ್ತಿ ಖಾಲಿಯಾಯಿತು.

ಲೀಡ್ ತಲೆ ಕೆರೆದುಕೊಂಡರು. "ಇದನ್ನ ಬೇರೆಯವ್ರು ಎಬ್ಬಿಸಿದಾಗ ನೋಡ್ಕೊಳ್ಳೋಣ ಅಂತ ಬಿಡೋಕಾಗಲ್ಲ ಕಣ್ರೀ. ಇದೇ ಎಬ್ಬಿಸ್ಬೇಕು."

ಅದೊಂದನ್ನು ಮೊದಲಿನಂತೆ ಮಾಡಿ, ಮಷೀನನ್ನು ಪರೀಕ್ಷೆಗೆಂದು ಲ್ಯಾಬಿನ ಮೇಜಿನ ಮೇಲೆ ಇಟ್ಟೆ. ಯಾರೂ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿದೆ.

ಅದೇ ಸಂಜೆ ಅಣ್ಣನ ಫೋನ್ ಬಂತು. ಮೀಟಿಂಗ್ ರದ್ದಾಗಿತ್ತು. "ಹಂಗಾಗಿ ಆ ಕಡೆ ಬರೂದು ಆಗಂಗಿಲ್ಲ ನೋಡವಾ."

ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಅಣ್ಣ ನನ್ನ ಮನೆಗೆ ಬಂದದ್ದೆಲ್ಲ ಈ ಕಡೆ ಬೇರೆ ಕೆಲಸ ಬಿದ್ದಾಗಲೇ ಎಂಬುದು ಆಗ ಹೊಳೆಯಿತು. ಅವನ ಪಾಲಿಗೆ ನಾನು ಕಾಯಬಹುದಾದ ಕೆಲಸ. ಈ ಸಲ ಕಾಯಲಾರದೆ ಬಾಯಿಬಿಟ್ಟೆ.

"ಬ್ಯಾರೆ ಕೆಲಸ ಇಲ್ದಿದ್ರೂ ಬಾ ಅಣ್ಣಾ. ನನ್ನ ಕರಿಯಾಕಂತನ ಬಾ."

ಆ ಕಡೆ ಟಿವಿಯ ಸದ್ದು ತಗ್ಗಿತು. ಆಮೇಲೆ ಅವನು ಮೆತ್ತಗೆ ನಕ್ಕ. "ಅಷ್ಟಕ್ಕ ಆ ಟ್ರಾಫಿಕ್ಕಿನ್ಯಾಗ ಯಾರು ಬರ್ತಾರವಾ? ನೀನ ಬಸ್ ಹತ್ತಿ ಬಂದ್ಬಿಡು."

ಅವನು ಕೆಟ್ಟವನಲ್ಲ, ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು.

ಪಂಚಮಿಯ ದಿನ ರಜೆ ರದ್ದು ಮಾಡಿ, ಉಂಡಿಯ ಡಬ್ಬಿ ಹಿಡಿದುಕೊಂಡು ಆಫೀಸಿಗೆ ಹೋದೆ. ಲೀಡ್ ಡಿಪೋಗೆ ಹೋಗಿದ್ದರು, ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಮಷೀನು ಪರದೆ ಆರಿಸಿಕೊಂಡು ಮಲಗಿತ್ತು. ಫೋನನ್ನು ಅದರ ಪಕ್ಕ ಇಟ್ಟು ಕುಳಿತೆ. ಒಂದು ವೇಳೆ ಅಣ್ಣ ಹೊರಟೇಬಿಟ್ಟಿದ್ದರೆ?

ಮಧ್ಯಾಹ್ನದ ಹೊತ್ತಿಗೆ, ಯಾರೂ ಮುಟ್ಟದೆಯೇ, ಮಷೀನು ತಾನಾಗಿ ಎದ್ದು ಬೀಪ್ ಎಂದು ಕೂಗಿತು. ನನಗೆ ಅಳು ತಡೆಯಲಾಗಲಿಲ್ಲ. ಅದಕ್ಕೆ ಚಾರ್ಜರ್ ಹಾಕಿ, ಡಬ್ಬಿ ತೆರೆದು ಒಂದು ಉಂಡಿ ತಿಂದೆ. ಫೋನು ಸಂಜೆಯ ತನಕ ಇಟ್ಟಲ್ಲೇ ಮಲಗಿತ್ತು.