ಫರಜ್ ಅಜ್ಜನ ಬಿಡುಗಡೆ ಪತ್ರ

ತೊಂಬತ್ತೇಳರ ಬೇಸಿಗೆ. ದುಬೈನಿಂದ ಅಬುಧಾಬಿಗೆ ಶೇರ್ ಟ್ಯಾಕ್ಸಿಯಲ್ಲಿ, ಅಲ್ಲಿನ ಮುಸಫ್ಫಾದಿಂದ ಕಂಪನಿಯ ವ್ಯಾನಿನಲ್ಲಿ ಹೊರಟು ಮದೀನತ್ ಜಾಯೆದ್ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಮರಳು, ನಡುವೆ ಒಂದು ಕಡೆ ಪರೋಟ, ಚಹಾ. ಶಾಖೆಯ ಕಂಪ್ಯೂಟರು ರಿಪೇರಿ ನನ್ನ ಕೆಲಸ. ಜೊತೆಗೆ ಸಹೋದ್ಯೋಗಿ ವಿನ್ಸೆಂಟ್ ತನ್ನ ತಂಗಿಗೆಂದು ಹೊರಿಸಿದ ಮಿಡಿ ಉಪ್ಪಿನಕಾಯಿ ಡಬ್ಬ. ಗಲ್ಫಿನಲ್ಲಿ ಬರಿಗೈಯಲ್ಲಿ ಪ್ರಯಾಣ ಮಾಡಿದ ಕನ್ನಡಿಗನನ್ನು ನಾನಂತೂ ಕಂಡಿಲ್ಲ.

ತಂಗಿ ಲವೀನಾ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ಉಡುಪಿ ಕಡೆಯವರು. ಮರುದಿನ ಬೆಳಿಗ್ಗೆ, ವಾಪಸು ಹೊರಡುವ ಮುಂಚೆ ಡಬ್ಬ ಕೊಡಲು ಹೋದೆ.

"ಇವತ್ತೇ ಹೋಗ್ತೀರಲ್ಲ? ಹಾಗಾದ್ರೆ ಸ್ವಲ್ಪ ಬನ್ನಿ ಮಾರಾಯ್ರೆ," ಎಂದರು. "ಇಲ್ಲಿ ಒಬ್ಬರು ಅಜ್ಜ ಉಂಟು, ಹೃದಯದ ಕಾಯಿಲೆ. ಅವರ ಹತ್ರ ಇಂಗ್ಲಿಷಿನ ಒಂದು ಕಾಗದ ಉಂಟು. ಇಲ್ಲಿಯವರಿಗೆ ತೋರಿಸಿದ್ರೆ ಸುದ್ದಿಯಾಗ್ತದೆ ಅಂತ ಈವರೆಗೆ ಯಾರಿಗೂ ತೋರಿಸಿಲ್ಲ, ದಾರಿಹೋಕರೇ ಓದಿ ಹೇಳ್ಬೇಕಂತೆ."

ಅಜ್ಜ ಅರಬಿಯಲ್ಲಿ ಹೇಳುತ್ತಾ ಹೋದರು, ಲವೀನಾ ಕನ್ನಡದಲ್ಲಿ ತಿಳಿಸಿದರು. ಫರಜ್ ಅಜ್ಜ ಗುಲಾಮರಾಗಿದ್ದವರು. ಹದಿನಾರರ ಹರೆಯದಲ್ಲಿ ಶಾರ್ಜಾದ ಬ್ರಿಟಿಷರಿಂದ ಬಿಡುಗಡೆ ಪತ್ರ ಪಡೆದು, ಕೂಲಿಯಾಳಾಗಿ ಮುತ್ತಿನ ದೋಣಿ ಹತ್ತಿದರು. ನೀರಿಗೆ ಧುಮುಕುವವನ ಮೈಮೇಲೆ ಕಾಗದ ಉಳಿಯುತ್ತದೆಯೇ? ಒದ್ದೆಯಾಗದಿರಲೆಂದು ಅದನ್ನು ನಖೂದಾನ, ಅಂದರೆ ದೋಣಿಯ ಯಜಮಾನನ ಪೆಟ್ಟಿಗೆಯಲ್ಲಿಟ್ಟರು. ಋತು ಮುಗಿದಾಗ ಕೇಳಿದರೆ, "ಯಾವ ಪತ್ರ?" ಎಂದನಂತೆ. ಹಠ ಹಿಡಿದದ್ದಕ್ಕೆ ಚರ್ಮ ಸುಲಿಯುವಂತೆ ಹಗ್ಗದಲ್ಲಿ ಹೊಡೆಸಿ, ಲಿವಾದ ಖರ್ಜೂರದ ತೋಟಕ್ಕೆ ಮಾರಿದ. ಅಜ್ಜ ಅಂಗಿ ಎತ್ತಿ ಬೆನ್ನು ತೋರಿಸಿದರು.

ಆಮೇಲೆ ಕೊರಳಿನ ಚೀಲದಿಂದ ಕಾಗದ ತೆಗೆದರು. ಒಂದು ತುದಿಯನ್ನು ಬಿಡದೆ ಹಿಡಿದೇ ಇದ್ದರು. ಅರಬಿ ಭಾಗ ಸವೆದುಹೋಗಿತ್ತು, ಇಂಗ್ಲಿಷ್ ಉಳಿದಿತ್ತು. ಯಾರ ಹೆಸರಿದೆ ಎಂದು ಕೇಳಿದರು.

ಇದ್ದದ್ದು ಅಲ್ಮಾಸ್ ಎಂಬ ಹೆಸರು. ಸಾಯುವ ಕಾಲದಲ್ಲಿ ಮನುಷ್ಯನಿಗೆ ನಿನ್ನ ಬಿಡುಗಡೆ ನಿನ್ನದಲ್ಲ ಎಂದು ಹೇಗೆ ಹೇಳುವುದು? ದೊಡ್ಡ ಉಪಕಾರಿಯಂತೆ, "ಫರಜ್," ಎಂದೆ.

ಅಜ್ಜನ ಮುಖ ಬಾಡಿತು. ಅವರು ಮೆಲ್ಲಗೆ ಹೇಳಿದ್ದನ್ನು ಲವೀನಾ ಕನ್ನಡಕ್ಕೆ ತಂದರು.

"ಅಲ್ಮಾಸ್ ಅಂತ ಅಣ್ಣ ಇದ್ರಂತೆ. ಅದೇ ದೋಣಿಯಲ್ಲಿ ಮುಳುಗಿದವರನ್ನು ಹಗ್ಗದಿಂದ ಮೇಲೆಳೆಯುವ ಕೆಲಸ. ಅವರಿಗೂ ಬಿಡುಗಡೆ ಪತ್ರ ಸಿಕ್ಕಿತ್ತು. ನೀರಿಗಿಳಿಯದ ಕಾರಣ ಅವರ ಪತ್ರ ಸೊಂಟದಲ್ಲೇ ಉಳೀತು. ನಾಲ್ಕು ವರ್ಷ ಕಳೆದ ಮೇಲೆ ಒಂಟೆಯವನೊಬ್ಬ ತೋಟಕ್ಕೆ ಬಂದು ಈ ಕಾಗದ ಕೊಟ್ಟು ಹೋದ, ಯಾರು ಕಳಿಸಿದ್ದು ಅಂತ ಹೇಳ್ಲಿಲ್ಲ. ಇದನ್ನೇ ಹಿಡ್ಕೊಂಡು ಇವರು ಹೊರಗೆ ಬಂದದ್ದು. ಅಣ್ಣ ತನ್ನದನ್ನೇ ಕಳಿಸಿರಬಹುದು ಅಂತ ಇಷ್ಟು ವರ್ಷ ಆಸೆ ಇತ್ತಂತೆ. ಇವರ ಹೆಸರೇ ಇದ್ರೆ ಕಳಿಸಿದ್ದು ನಖೂದಾ. ಅಣ್ಣ ಇವರನ್ನು ಹುಡುಕಲೇ ಇಲ್ಲ ಅಂತ ಆಯ್ತಲ್ಲ."

ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅನ್ನಿಸಿತು. ನಾನು ಹೇಳಿದ್ದು ಸುಳ್ಳು, ಇರುವುದು ಅಲ್ಮಾಸನ ಹೆಸರೇ ಎಂದು ಲವೀನಾರಿಂದ ಹೇಳಿಸಿದೆ. ಅಕ್ಷರದ ಮೇಲೆ ಬೆರಳಿಟ್ಟು ನಾನೇ ಎರಡು ಸಲ ಓದಿದೆ. ಅಜ್ಜ ನನ್ನ ಮುಖವನ್ನೇ ನೋಡಿದರು. ಕಾಗದ ಮಡಿಚಿ ಚೀಲಕ್ಕೆ ಸೇರಿಸಿ, ನನ್ನ ಕೈ ತಟ್ಟಿ ಏನೋ ಹೇಳಿದರು.

"ನೀವು ಒಳ್ಳೆಯವರಂತೆ," ಎಂದರು ಲವೀನಾ. "ಮುದುಕನಿಗೆ ಸಮಾಧಾನ ಮಾಡ್ಲಿಕ್ಕೆ ಹೇಳ್ತಾ ಇದ್ದೀರಂತೆ."

ಹೊರಗೆ ವ್ಯಾನಿನವನು ಹಾರನ್ ಹೊಡೆಯುತ್ತಿದ್ದ. ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಅಜ್ಜ ಗೋಡೆಯ ಕಡೆ ಹೊರಳಿ ಮಲಗಿದ್ದರು.