ಇಪ್ಪತ್ತೊಂದು ಪಾದದ ಮನೆ

ಮೊದಲ ಏಟು ಬಾಗಿಲಿನ ಚೌಕಟ್ಟಿಗೆ ಬಿತ್ತು, ಎರಡನೆಯದು ನಮ್ಮ ಮನೆಯವರ ತಲೆಗೆ. ತಾಕಿದ್ದು ಹಾರೆಯ ಚೂಪು ತುದಿಯಲ್ಲ, ನಡು. ಅದು ಬೀರೇಶ್ವರನ ದಯೆ. ಚೂಪು ತಾಕಿದ್ದರೆ ಇದನ್ನು ಬರೆಯಲು ನನಗೆ ಕೈ ಬರುತ್ತಿರಲಿಲ್ಲ.

ಹೊಡೆದವರು ಹೊರಗಿನವರಲ್ಲ, ನಮ್ಮ ಮನೆಯವರ ಒಡಹುಟ್ಟಿದ ಅಣ್ಣ, ನನ್ನ ಭಾವ. ಜಗಳದ ಮೂಲ ಒಬ್ಬ ವಾಸ್ತುಶಿಲ್ಪಿ ಎಂದರೆ ಜನ ನಂಬುವುದಿಲ್ಲ.

ಆ ವಾಸ್ತುಶಿಲ್ಪಿ ದೊಡ್ಡ ಹೆಸರಿನ ಮನುಷ್ಯ. ನಮ್ಮ ಕಡೆಯವನೇ, ಈಗ ಪುಣೆಯಲ್ಲಿರುತ್ತಾನೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಹಿಂದೆ ನಮ್ಮ ಹಿರಿಯರು ಮನೆ ಕಟ್ಟುವಾಗ ಯಜಮಾನನ ಪಾದದಿಂದ ಆಯ, ಅಂದರೆ ಮನೆಗೆ ಕೂಡಿಬರುವ ಅಳತೆ, ಅಳೆಯುತ್ತಿದ್ದರಲ್ಲ, ಈತನೂ ಹಾಗೆಯೇ. ಒಡೆಯನನ್ನು ಬರಿಗಾಲಲ್ಲಿ ಸುಣ್ಣದ ಪುಡಿಯ ಮೇಲೆ ನಡೆಸಿ, ಆ ಪಾದದ ಉದ್ದವನ್ನೇ ಗಜವಾಗಿ ಹಿಡಿದು ಇಡೀ ಮನೆ ಬರೆಯುತ್ತಾನೆ. ಆದ್ದರಿಂದ ಅವನ ಒಂದು ಮನೆಯಂತೆ ಇನ್ನೊಂದಿಲ್ಲ ಎಂದು ಪೇಪರಿನವರು ಹೊಗಳುತ್ತಾರೆ.

ನನ್ನ ಕಣ್ಣಿಗೆ ಮಾತ್ರ ಅವೆಲ್ಲ ಒಂದೇ. ಜಮಖಂಡಿಯಲ್ಲಿ ಅವನು ಕಟ್ಟಿದ ಮಂಗಲ ಕಾರ್ಯಾಲಯ ನೋಡಿದ್ದೇನೆ, ಬನಹಟ್ಟಿಯ ಸಭಾಭವನ ನೋಡಿದ್ದೇನೆ, ಬೀಳಗಿಯ ವಸತಿಗೃಹವನ್ನೂ ನೋಡಿದ್ದೇನೆ. ಅದೇ ಕೆಂಪು ಕಲ್ಲು, ಅದೇ ತಗ್ಗಾದ ಕಮಾನು, ನಡುಮನೆಯ ಮಾಳಿಗೆಯಲ್ಲಿ ಅದೇ ದುಂಡನೆಯ ಬೆಳಕಿಂಡಿ. ಮುಧೋಳದಲ್ಲಿ ಅವನೇ ಕಟ್ಟಿಕೊಟ್ಟ ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದಾಗ ಹೋಳಿಗೆ ಬಡಿಸುತ್ತಲೇ ಕೇಳಿಬಿಟ್ಟೆ:

"ಸಾಹೇಬ್ರ, ನೀವು ಕಟ್ಟಿದ್ದೆಲ್ಲ ಒಂದ ನಮೂನಿ ಕಾಣತಾವಲ್ರೀ?"

"ಮಾರಿ ಒಂದ ಇರಬಹುದು ಯವ್ವಾ, ಕಾಲು ಬ್ಯಾರೆ," ಎಂದು ನಕ್ಕ.

ಆಗ ನಮ್ಮ ಮನೆಯವರು ತಲೆ ಎತ್ತದೆ ಉಂಡರು. ಏಕೆಂದರೆ ನಮ್ಮ ಮನೆಗೆ ಬೇರೆ ಕಾಲು ಇರಲೇ ಇಲ್ಲ. ಅಳತೆ ಕೊಡುವ ದಿನ ಸಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತೆಂದು ಇವರು ಹೋಗಲಿಲ್ಲ. ಭಾವ ಅದಕ್ಕೂ ಎರಡು ವರ್ಷ ಮೊದಲು ಸಾವಳಗಿಯ ಹೊಲದಲ್ಲಿ ಅವನಿಂದಲೇ ಮನೆ ಕಟ್ಟಿಸಿದ್ದರು. "ಅಣ್ಣನ ಅಳತಿನ ಹಾಕ್ರಿ, ಒಂದ ತಾಯಿ ಮಕ್ಕಳು ನಾವು," ಎಂದು ಇವರು ಫೋನಿನಲ್ಲಿ ಹೇಳಿಬಿಟ್ಟರು. ಅಣ್ಣನಿಗೆ ಒಂದು ಮಾತು ತಿಳಿಸಲಿಲ್ಲ. ನನಗೆ ಗೊತ್ತಿತ್ತು. ಒಬ್ಬರ ಆಯದಲ್ಲಿ ಇನ್ನೊಬ್ಬರು ಮನೆ ಕಟ್ಟಿದರೆ ಮೊದಲಿನವರ ಏಳಿಗೆ ಎರಡನೆಯವರಿಗೆ ಹರಿಯುತ್ತದೆ ಎಂಬ ಹಿರಿಯರ ಮಾತೂ ಗೊತ್ತಿತ್ತು. ಆದರೂ ಸುಮ್ಮನಿದ್ದೆ.

ಗೃಹಪ್ರವೇಶವಾಗಿ ತಿಂಗಳೊಳಗೆ ಭಾವನ ಬಲಗಾಲು ಟ್ರ್ಯಾಕ್ಟರಿನ ಹಿಂದೆ ತಿರುಗುವ ಮಣ್ಣು ಕತ್ತರಿಸುವ ಅಲಗಿಗೆ ಸಿಕ್ಕಿತು. ಐದೂ ಬೆರಳು ಹೋದವು. ಜೀವ ಉಳಿಯಿತು, ಹಿಮ್ಮಡಿ ಉಳಿಯಿತು ಎಂದು ನಾನು ದೇವರಿಗೆ ಕಾಯಿ ಒಡೆಸಿದೆ. ಅವರು ಮಲಗಿದಲ್ಲಿಯೇ ಇದ್ದಾಗ ಎರಡೂ ಮನೆಯಲ್ಲಿ ಕೆಲಸ ಮಾಡಿದ ಗೌಂಡಿ ಮಾತನಾಡಿಸಲು ಹೋದವನು, "ತಮ್ಮನ ಮನಿಗೂ ನಿಮ್ದ ಅಳತಿ ಹಗ್ಗಾ ಹಿಡದೇವ್ರಿ," ಎಂದು ಬಾಯಿ ಬಿಟ್ಟ.

ಕಾಲು ಊರಲು ಬಂದ ದಿನವೇ ಭಾವ ಹಾರೆ ಹಿಡಿದು ಬಂದರು. ನಡು ಮಧ್ಯಾಹ್ನ. ಹಿಂದೆ ಜೀಪಿನಿಂದ ಇಳಿದು ಅಕ್ಕ, ಅಂದರೆ ಅವರ ಹೆಂಡತಿ, ಓಡಿ ಬರುತ್ತಿದ್ದಳು.

"ನನ್ನ ಆಯ ಕದ್ದೀಯೇನಲೇ? ನನ್ನ ಕಾಲ ತಿಂದ ಮನಿ ಕಟ್ಟೀಯೇನಲೇ?"

"ಇಲ್ಲೋ ಅಣ್ಣಾ, ನಿನ್ನಾಣಿ, ನಂದ ಪಾದದ್ದ ಐತಿ," ಎಂದರು ಇವರು.

ಆ ಸುಳ್ಳು ಆಣೆಗೆ ಬಿದ್ದದ್ದು ಆ ಎರಡು ಏಟು. ಇವರ ಕಿವಿಯ ಮೇಲಿಂದ ರಕ್ತ ಅಂಗಿಯೊಳಗೆ ಇಳಿಯಿತು. ಕಂಬ ಹಿಡಿದು ಕುಸಿದರು. ಭಾವ ಮತ್ತೆ ಹಾರೆ ಎತ್ತಿದಾಗ ನಾನು ನಡುವೆ ಹೋದೆ. ನನ್ನನ್ನು ಗೋಡೆಗೆ ನೂಕಿದರು. ಬಳೆ ಚೂರಾಗಿ ಮಣಿಕಟ್ಟಿಗೆ ನಟ್ಟವು.

"ಆಣಿ ಸುಳ್ಳಾದ್ರ ನಿನ್ನ ಇಲ್ಲೇ ಹುಗೀತೇನಿ. ನಾನ ಅಳದ ನೋಡ್ತೇನಿ," ಎಂದರು. "ನನ್ನ ಮನ್ಯಾಗ ಹೊಸ್ತಲದಿಂದ ದೇವರ ಜಗಲಿಗೆ ಇಪ್ಪತ್ತೊಂದು ಪಾದ. ಇಲ್ಲೂ ನನ್ನ ಪಾದಕ್ಕ ಇಪ್ಪತ್ತೊಂದು ಬರಲಿ, ನೋಡಕೊಂತೇನಿ."

ಬಟ್ಟೆ ತುರುಕಿದ್ದ ಬೂಟನ್ನೂ ಇನ್ನೊಂದನ್ನೂ ಕಿತ್ತು ಎಸೆದರು. ಗಾಯ ಮಾಯ್ದು ಕೆಂಪಗೆ ಮಿರುಗುವ ಆ ಮೋಟು ಪಾದವನ್ನು ನಾನು ನೋಡಿದ್ದು ಅಂದೇ ಮೊದಲು. ಹಾರೆಯನ್ನೇ ಊರುಗೋಲು ಮಾಡಿಕೊಂಡು, ಒಂದು ಪಾದದ ತುದಿಗೆ ಇನ್ನೊಂದರ ಹಿಮ್ಮಡಿ ಹಚ್ಚಿ, ದೇವರ ಮೇಲೆ ಕಣ್ಣಿಟ್ಟು, ಗಟ್ಟಿಯಾಗಿ ಎಣಿಸುತ್ತ ನಡೆದರು. ಹತ್ತು. ಹದಿನೈದು. ನಾನು ಸೆರಗನ್ನು ಇವರ ತಲೆಗೆ ಒತ್ತಿಕೊಂಡು ಅದೇ ಲೆಕ್ಕ ಕೇಳುತ್ತಿದ್ದೆ. ಇಪ್ಪತ್ತೊಂದು ಎಂದಾಗ ಜಗಲಿ ಇನ್ನೂ ಮುಂದಿತ್ತು.

ಇಪ್ಪತ್ತೆರಡು. ಇಪ್ಪತ್ತಮೂರು. ಆಗ ಬೆರಳಿಲ್ಲದ ಪಾದ ಜಗಲಿಗೆ ತಾಗಿತು.

ಭಾವ ನಿಂತಲ್ಲೇ ನಿಂತರು. ಅವರು ಅಳತೆ ಕೊಟ್ಟದ್ದು ಪೂರಾ ಪಾದದಿಂದ, ಈಗ ಅಳೆದದ್ದು ಒಂದು ಮೋಟು ಪಾದ ಸೇರಿಸಿ. ಎರಡು ಹೆಜ್ಜೆ ಹೆಚ್ಚು ಬೇಕೇ ಬೇಕು. ಅದು ನನಗೆ ತಕ್ಷಣ ಹೊಳೆಯಿತು. ಬಾಗಿಲಲ್ಲಿದ್ದ ಅಕ್ಕನಿಗೂ ಹೊಳೆದಿತ್ತು. ಅವಳು ಗಂಡನ ಕಾಲನ್ನು ನೋಡಿ, ನನ್ನನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರಿಗೆ ಮಾತ್ರ ಹೊಳೆಯಲಿಲ್ಲ.

"ಬ್ಯಾರೇನ ಐತೆಲ್ಲೋ," ಎಂದರು. ಹಾರೆ ಕೈಯಿಂದ ಜಾರಿತು. "ತಮ್ಮಾ... ನಾ ಏನ ಮಾಡಿದ್ನೋ!"

ಇದ್ದದ್ದನ್ನು ಇದ್ದ ಹಾಗೆ ಹೇಳುವ ಬಾಯಿ ನನ್ನದು, ಅದಕ್ಕಾಗಿ ಬೈಸಿಕೊಂಡವಳು. ಅಂದು ತುಟಿ ಕಚ್ಚಿ ಕುಳಿತೆ. ಭಾವ ತಮ್ಮನನ್ನು ಎತ್ತಿ ಜೀಪಿಗೆ ಹಾಕಿ ಆಸ್ಪತ್ರೆಗೆ ಒಯ್ದರು. ಒಂಬತ್ತು ಹೊಲಿಗೆ ಬಿದ್ದವು. ಮಾಳಿಗೆ ಮೆಟ್ಟಿಲಿಂದ ಬಿದ್ದೆ ಎಂದು ಇವರು ಡಾಕ್ಟರರಿಗೆ ಹೇಳಿದರಂತೆ. ಮನೆಯಲ್ಲಿ ನಾನೂ ಅಕ್ಕನೂ ನೆಲದ ರಕ್ತ ತೊಳೆದೆವು.

"ಹೇಳಬ್ಯಾಡ ತಂಗೀ," ಎಂದಳು ಅಕ್ಕ.

"ದೇವರಿಗೆ ಹೇಳೇನಿ ಅಕ್ಕಾ. ಅಷ್ಟ ಸಾಕು," ಎಂದೆ.

ಮೊನ್ನೆ ಹುನ್ನೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಬೀಗರ ಕಡೆಯವನೊಬ್ಬ, "ಆ ಪುಣೆಯವಂದು ಏನ ಹೆಸರೋ ಮಾರಾಯ! ಒಂದ ಮನಿ ಬರಕೊಂಡಾನ, ಅದನ್ನ ಎಲ್ಲಾರಿಗೂ ಮಾರಾಕತ್ತಾನ," ಎಂದ. ನಾನು ಹತ್ತು ವರ್ಷದಿಂದ ಹೇಳುತ್ತಿದ್ದ ಮಾತನ್ನೇ ಆಡಿದ, ಪಾಪ. ಭಾವ ಎಂಜಲು ಕೈಯಲ್ಲೇ ಅವನ ಅಂಗಿಯ ಕೊರಳು ಹಿಡಿದು ಎಲೆಯ ಮುಂದಿನಿಂದ ಎಳೆದರು. ಸಾರಿನ ಬಕೆಟ್ಟು ಉರುಳಿತು.

"ನಾ ನಡದ ನೋಡೇನಲೇ! ಎರಡ ಪಾದ ಬ್ಯಾರೆ! ಆಡ್ತಿ ಇನ್ನೊಮ್ಮೆ?"

ನಾಲ್ಕು ಜನ ಸೇರಿ ಬಿಡಿಸಿದರು. ಹೆಂಗಸರ ಸಾಲಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಇದ್ದಳು. ಇಬ್ಬರೂ ತಲೆ ಎತ್ತದೆ ಉಂಡೆವು.