ಗುರುತೇ ಸಿಗದ ಮೊಡೆಮ್ ಕಳಿಸಿದ ಪತ್ರ

ಯಂತ್ರಕ್ಕೂ ಮನಸ್ಸಿದೆ ಎನ್ನುವವರನ್ನು ಗೇಲಿ ಮಾಡುತ್ತಿದ್ದವನು ನಾನು. ಕಂಪ್ಯೂಟರು ಹೇಳಿದಷ್ಟು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ನನ್ನ ಹೊಟ್ಟೆಪಾಡು ನಡೆದದ್ದೇ ಈ ನಂಬಿಕೆಯ ಮೇಲೆ. ಈಗಲೂ ಹಾಗೆಯೇ ನಂಬಿದ್ದೇನೆ, ಒಂದು ಗುರುವಾರವನ್ನು ಬಿಟ್ಟು.

ತೊಂಬತ್ತರ ದಶಕದ ಕೊನೆ. ಕುವೈತಿನ ಖೈತಾನ್‌ನಲ್ಲಿ ಸಣ್ಣ ಕಚೇರಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ನರ್ಸ್ ಆಗಿದ್ದ ಹೆಂಡತಿ ಲಿಲ್ಲಿ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅದು ಮುಗಿಯಲು ಎರಡೇ ದಿನ. ಒಂದು ಆಸ್ಪತ್ರೆ ಕೆಲಸ ಕೊಡಲು ಒಪ್ಪಿತ್ತು. ಆದರೆ ನಮ್ಮ ಕಂಪನಿಯ ಒಪ್ಪಿಗೆ ಪತ್ರ, ಕಂಪನಿಯ ನಂಬರಿನಿಂದಲೇ, ಗುರುವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಫ್ಯಾಕ್ಸ್ ಆಗಬೇಕು. ಇಲ್ಲವಾದರೆ ಅವಳು ವಾಪಸ್ ಮಂಗಳೂರಿಗೆ. ಹಳೆಯ ಫ್ಯಾಕ್ಸ್ ಯಂತ್ರವನ್ನೋ, ಇನ್ನು ಕಂಪ್ಯೂಟರಿನಿಂದಲೇ ಕಳಿಸಬಹುದು ಎಂದು ಜಂಬ ಕೊಚ್ಚಿ ನಾನೇ ಮಾರಿಸಿಬಿಟ್ಟಿದ್ದೆ.

ಫೋನ್ ಲೈನಿನ ಮೂಲಕ ಫ್ಯಾಕ್ಸ್ ಕಳಿಸುವ ಹೊಸ ಮೊಡೆಮ್ ಕಾರ್ಡನ್ನು, ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಗುರುತಿಸಲೇ ಇಲ್ಲ. ಸಿಕ್ಕಿಸಿದ ಕಾರ್ಡನ್ನು ತಾನಾಗಿ ಪತ್ತೆಹಚ್ಚುವ ಸೌಲಭ್ಯ ಅದರ ತಿರುಳಾದ ಕರ್ನೆಲ್‌ನಲ್ಲಿರಲಿಲ್ಲ. ಅದನ್ನು ಸೇರಿಸಿ ಕರ್ನೆಲ್ಲನ್ನು ಹೊಸದಾಗಿ ಕಟ್ಟಲು ಕೂತೆ. ಕೂತೆ ಎಂದರೆ ಸುಳ್ಳು. ಅದು ಮುಗಿಯುವವರೆಗೆ ಎರಡು ಗಂಟೆ ಪರದೆಗೂ ಕಿಟಕಿಗೂ ನಡುವೆ ಓಡಾಡಿದೆ. ಹೊರಗೆ ದೂಳಿನ ಗಾಳಿ, ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ.

"ಒಂದಕ್ಕೆ ಆಸ್ಪತ್ರೆಯವರದ್ದು ಖಲಾಸ್ ಮಾರಾಯ, ನಾಳೆ ಶುಕ್ರವಾರ ರಜೆ, ಮತ್ತೆ ಶನಿವಾರವೇ. ಆಗ್ತದಾ ಇಲ್ವಾ ಹೇಳು," ಎಂದರು ಮ್ಯಾನೇಜರ್ ಹಮೀದ್ ಭಾಯಿ. ಪುತ್ತೂರು ಕಡೆಯ ಬ್ಯಾರಿ, ಒಳ್ಳೆಯ ಮನುಷ್ಯ.

"ಆಗ್ತದೆ ಭಾಯಿ," ಎಂದೆ.

ಹನ್ನೆರಡೂ ಮುಕ್ಕಾಲಿಗೆ ಯಂತ್ರವನ್ನು ಮತ್ತೆ ಶುರು ಮಾಡಿ ಪತ್ರ ಕಳಿಸಿದೆ. ಮೊಡೆಮ್ ಕೀರಲು ದನಿ ತೆಗೆಯಿತು. ಆಸ್ಪತ್ರೆಯವರು ಫೋನ್ ಮಾಡಿ ಪತ್ರ ಸಿಕ್ಕಿತೆಂದರು.

ಶನಿವಾರ ಇನ್ನೊಂದು ಪತ್ರ ಕಳಿಸಹೋದರೆ ಮೊಡೆಮ್ ತುಟಿಪಿಟಕ್ಕೆನ್ನಲಿಲ್ಲ. ಕಾರಣ ಹುಡುಕಲು ಕೂತೆ. ಕರ್ನೆಲ್ ಕಟ್ಟಿದ ಮೇಲೆ, ಮುಂದಿನ ಸಲ ಹೊಸದರಿಂದಲೇ ಶುರುವಾಗು ಎಂದು ಯಂತ್ರಕ್ಕೆ ಒಂದು ಆದೇಶ ಕೊಡಬೇಕು. ಅವಸರದಲ್ಲಿ ಅದನ್ನೇ ಮರೆತಿದ್ದೆ. ಗುರುವಾರ ಓಡಿದ್ದು ಹಳೆಯ ಕರ್ನೆಲ್! ಯಂತ್ರ ತಾನೇ ಬರೆದಿಡುವ ಆ ದಿನದ ದಾಖಲೆಯಲ್ಲಿ ಮೊಡೆಮಿನ ಸುಳಿವೇ ಇಲ್ಲ. ಆಮೇಲೆ ಹಳೆಯದರಲ್ಲಿ ಹತ್ತಾರು ಸಲ ಪ್ರಯತ್ನಿಸಿದೆ, ಒಮ್ಮೆಯೂ ಆಗಲಿಲ್ಲ. ಆದೇಶ ಕೊಟ್ಟು ಹೊಸದರಿಂದ ಶುರು ಮಾಡಿದ ಮೇಲೆಯೇ ಮೊಡೆಮ್ ಮಾತಾಡಿದ್ದು.

ಲಿಲ್ಲಿಗೆ ಹೇಳಿದರೆ, "ದೇವರು ದೊಡ್ಡವನು, ನೀವು ಸುಮ್ಮನಿರಿ," ಎಂದಳು. ಸುಮ್ಮನಿರಲು ನನ್ನಿಂದ ಇಂದಿಗೂ ಆಗಿಲ್ಲ. ಮರುವರ್ಷ ಅಲ್ಲೇ ನಮಗೆ ಮಗಳು ಹುಟ್ಟಿದಳು. ಅವಳು ಎದುರು ಕೂತು ಊಟ ಮಾಡುವಾಗ, ಆ ಪತ್ರ ಹೋಗುವ ಹಾಗೆಯೇ ಇರಲಿಲ್ಲ ಎಂಬುದು ನೆನಪಾಗಿ, ಒಮ್ಮೊಮ್ಮೆ ಕೈ ಚಾಚಿ ಅವಳ ತಲೆ ಮುಟ್ಟಿ ನೋಡುತ್ತೇನೆ.

"ವಾಟ್ ಡ್ಯಾಡಿ?" ಎನ್ನುತ್ತಾಳೆ.

ಏನೂ ಇಲ್ಲ ಎನ್ನುತ್ತೇನೆ.